ನವಿ ಪೇಠದಲ್ಲಿ ತಾನಾಗಿ ಓಡಿದ ಪುಟ

ಕಂಪ್ಯೂಟರ್ ರಿಪೇರಿಯ ಕೆಲಸಕ್ಕೆ ಹೊಸದಾಗಿ ಬರುವವರು ಹೊಗೆ ಬಂದ ಮಶೀನಿಗೆ ಹೆದರುತ್ತಾರೆ. ಅದಕ್ಕೆ ಹೆದರಬೇಕಾಗಿಲ್ಲ, ಹೊಗೆ ಎಲ್ಲಿಂದ ಬಂತೆಂದು ಮೂಗೇ ಹೇಳಿಕೊಡುತ್ತದೆ. ಹೆದರಬೇಕಾದದ್ದು "ಎಲ್ಲಾ ಛಲೋ ಅದರಿ, ಖರೆ ಯಾಕೋ ಒಂಥರಾ ಮಾಡಾಕತ್ತದ" ಎಂಬ ಫೋನಿಗೆ. ಆ 'ಒಂಥರಾ'ದ ಬೆನ್ನು ಹತ್ತಿ ನಾನು ಮೂವತ್ತು ವರ್ಷ ಸೊಲ್ಲಾಪುರದ ಪೇಠೆಗಳಲ್ಲಿ ಸ್ಕೂಟರ್ ಓಡಿಸಿದ್ದೇನೆ. ಅಕ್ಕಲಕೋಟೆಯ ಬಸ್ಸಿನಲ್ಲಿ ತೊಡೆಯ ಮೇಲೆ ಸಿಪಿಯು ಇಟ್ಟುಕೊಂಡು ಕುಳಿತು, ಕಂಡಕ್ಟರನಿಂದ "ಈ ಕೂಸಿಗಿ ಅರ್ಧಾ ತಿಕೀಟ ತಗೋರಿ" ಎನ್ನಿಸಿಕೊಂಡಿದ್ದೇನೆ.

ಹೋದ ವರ್ಷ ನಿವೃತ್ತಳಾದೆ. ನಮ್ಮ ಅಂಗಡಿಗೆ ಈಗ ಸೇರಿರುವ ಹುಡುಗಿಯರು, "ಸುನಂದಾ ಅಕ್ಕಾ, ನಿಮ್ಮ ಕಾಲದಾಗ ಕೆಲಸ ಹ್ಯಾಂಗಿತ್ತು, ಒಂದೀಟು ಬರದು ಕೊಡ್ರಿ" ಎಂದು ಗಂಟುಬಿದ್ದರು. ಅವರಲ್ಲಿ ಅರ್ಧ ಜನಕ್ಕೆ ಕನ್ನಡ ಓದಲು ಬರುವುದಿಲ್ಲ, ಮರಾಠಿ ಶಾಲೆಯಲ್ಲಿ ಕಲಿತವರು. ಮನೆಯಲ್ಲಿ ಅಜ್ಜಿಯಿಂದ ಓದಿಸಿಕೊಳ್ಳುತ್ತಾರಂತೆ. ಹಾಗಾದರೆ ಅಜ್ಜಿಯರೂ ಕೇಳಿರಿ.

ನನಗೆ ಕೆಲಸ ಕಲಿಸಿದವರು ಮಾನೆ ಸರ್. ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದ ನನ್ನನ್ನು ಫೋನ್ ಎತ್ತಲೆಂದು ಅಂಗಡಿಗೆ ಸೇರಿಸಿಕೊಂಡರು. ನಾನು ಫೋನ್ ಎತ್ತುವುದಕ್ಕಿಂತ ಡಬ್ಬಿ ಬಿಚ್ಚುವುದೇ ಹೆಚ್ಚಾಯಿತು. ಆಗೆಲ್ಲ ಗಿರಾಕಿಗಳ ಮನೆ ಬಾಗಿಲಲ್ಲಿ ನಿಂತರೆ ಅವರು ನನ್ನ ಬೆನ್ನ ಹಿಂದೆ ಇಣುಕಿ, "ರಿಪೇರಿ ಮಾಡವರು ಗಾಡಿ ಹಚ್ಚಾಕ ಹೋಗ್ಯಾರೇನ್ರಿ?" ಎಂದು ಕೇಳುತ್ತಿದ್ದರು. ಮಾನೆ ಸರ್ ಕಲಿಸಿದ ಮೊದಲ ಪಾಠ ಚಹಾದ್ದು. ಹೋದ ಮನೆಯಲ್ಲಿ ಚಹಾ ಬರುವವರೆಗೂ ಸ್ಕ್ರೂಡ್ರೈವರ್ ಹೊರಗೆ ತೆಗೆಯಬಾರದು ಎನ್ನುತ್ತಿದ್ದರು. ಚಹಾ ಕುದಿಯುವಷ್ಟು ಹೊತ್ತಿನಲ್ಲಿ ಗಿರಾಕಿ ತಾನು ನಿಜವಾಗಿ ಏನು ಮಾಡಿದೆನೆಂದು ಬಾಯಿ ಬಿಡುತ್ತಾನಂತೆ. "ನಾ ಏನೂ ಮುಟ್ಟಿಲ್ರಿ" ಎಂದು ಶುರುವಾದದ್ದು, ಕಪ್ಪು ಕೈಗೆ ಬರುವ ಹೊತ್ತಿಗೆ "ಒಂದೀಟು ಒರಸೀನಿ" ಎಂದಾಗಿ, ಚಹಾವನ್ನು ಬಶಿಗೆ ಸುರಿಯುವಾಗ "ಹಸಿ ಅರಿವೀಲೆ ಒರಸೀನಿ" ಎಂದಾಗುತ್ತದೆ. ಅರ್ಧ ರಿಪೇರಿ ಅಲ್ಲಿಗೇ ಮುಗಿಯಿತು.

ನಿವೃತ್ತಿಗೆ ಮುಂಚಿನ ವರ್ಷ ಇಡೀ ಸೊಲ್ಲಾಪುರದ ಕಂಪ್ಯೂಟರುಗಳು ಒಟ್ಟಿಗೇ ಮುದಿಯಾದವು. ಹಳೆಯ ಸಿಸ್ಟಮ್ ಇನ್ನು ನಡೆಯದು, ಹೊಸದಕ್ಕೆ ಅಪ್‌ಗ್ರೇಡ್ ಆಗಿರಿ ಎಂದು ಪರದೆಗಳೇ ದಿನಾ ಹೇಳತೊಡಗಿದವು. ನಾವು ದಿನಕ್ಕೆ ಐದಾರು ಅಪ್‌ಗ್ರೇಡ್ ಮಾಡುತ್ತಿದ್ದೆವು. ಮರುದಿನ ಆ ಐದಾರೂ ಮಂದಿ ಫೋನ್ ಮಾಡುತ್ತಿದ್ದರು. ಆ ಫೋನುಗಳಲ್ಲಿ ಮುಕ್ಕಾಲು ಪಾಲು ಸ್ಕ್ರೋಲಿನವು. ಮೌಸಿನ ನಡುವಿನ ಗಾಲಿ ತಿರುಗಿಸಿದರೆ ಪುಟ ಮೇಲೆ ಕೆಳಗೆ ಸರಿಯುತ್ತದಲ್ಲ, ಅದು. ಒಬ್ಬರ ಪುಟ ಹಿಂದಕ್ಕೆ ಹೋಗುತ್ತಿತ್ತು, ಇನ್ನೊಬ್ಬರದು ಜಿಗಿಯುತ್ತಿತ್ತು, ಮತ್ತೊಬ್ಬರದು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಅಕ್ಕಲಕೋಟೆಯ ಒಂದು ಶಾಲೆಯ ಕ್ಲಾರ್ಕ್ ಮಹಾಶಯರ ಬಳಿ ಹೋದಾಗ ಅವರು ಮೌಸನ್ನು ಬಾಲ ತಮ್ಮ ಹೊಟ್ಟೆಯ ಕಡೆಗೆ ಬರುವಂತೆ ತಿರುಗಿಸಿ ಹಿಡಿದಿದ್ದರು. ಅಪ್‌ಗ್ರೇಡ್ ಆದಮೇಲೆ ಗಾಲಿಯನ್ನು ಕೆಳಕ್ಕೆ ತಿರುಗಿಸಿದರೆ ಪುಟ ಮೇಲಕ್ಕೆ ಹೋಗುತ್ತಿತ್ತಂತೆ.

"ಅದು ತಿರಗ್ಯದ, ಅದಕ್ಕ ನಾನೂ ತಿರಗಿಸೀನಿ," ಎಂದರು.

"ಹಿಂಗ ಹಿಡದ್ರ ಪರದೆ ಮ್ಯಾಲಿನ ಬಾಣ ಉಲ್ಟಾ ಹೋಗ್ತದಲ್ರಿ?"

"ಹೋಗ್ತದ. ಎಡಕ್ಕ ಹೋಗಬೇಕಾದ್ರ ಬಲಕ್ಕ ಒಯ್ತೀನಿ. ನಾಕ ದಿನಾ ತ್ರಾಸ ಆತು, ಈಗ ಬರೋಬರ ಅದ."

ಸೆಟ್ಟಿಂಗಿನಲ್ಲಿ ಒಂದು ಟಿಕ್ ತೆಗೆದೆ, ಎಲ್ಲ ನೆಟ್ಟಗಾಯಿತು. ಅವರು ಮೌಸನ್ನು ಸರಿಯಾಗಿ ಹಿಡಿದು ಎರಡು ನಿಮಿಷ ಒದ್ದಾಡಿದರು. ಬಾಣ ಪರದೆಯ ಮೂಲೆಗೆ ಹೋಗಿ ಅಡಗಿತು. "ಬ್ಯಾಡ್ರಿ ಮ್ಯಾಡಂ, ಮೊದಲಿನಂಗ ಉಲ್ಟಾ ಮಾಡಿ ಹೋಗ್ರಿ," ಎಂದರು. "ರಿಟೈರ್ ಆಗಾಕ ಎಂಟ ತಿಂಗಳ ಉಳದದ. ಈಗ ಯಾಕ ಎರಡೆರಡ ಸಲ ಕಲೀಲಿ?" ಸರಿಯಾಗಿದ್ದುದನ್ನು ಕೆಡಿಸಿ ಬಂದ ರಿಪೇರಿ ಅದೊಂದೇ. ಬಸ್ಸಿನಲ್ಲಿ ಕುಳಿತು ನಗು ತಡೆಯಲಾಗದೆ ಕಿಟಕಿಯ ಕಡೆ ಮುಖ ಮಾಡಿಕೊಂಡೆ.

ಇನ್ನೊಬ್ಬರು ಚಾದರದ ವ್ಯಾಪಾರಿ. ಅವರ ಲ್ಯಾಪ್‌ಟಾಪಿನಲ್ಲಿ ಪುಟ ತಾನಾಗಿ ಸರಿಯುತ್ತಿತ್ತು. ಬೆರಳಾಡಿಸುವ ಪಟ್ಟಿಯನ್ನು ನಾನು ಎರಡು ಸಲ ಬದಲಿಸಿದೆ. ಮೂರನೆಯ ಸಲ ಕೈ ಕಟ್ಟಿ ಕುಳಿತು ಅವರು ಕೆಲಸ ಮಾಡುವುದನ್ನು ನೋಡಿದೆ. ಚಾಳೀಸಿನ ಕನ್ನಡಕ ಮರೆತಾಗಲೆಲ್ಲ ಅವರು ಪರದೆಯ ಮೇಲೆ ಬಾಗುತ್ತಿದ್ದರು. ಬಾಗಿದಾಗ ಕೊರಳಲ್ಲಿ ಬೆಳ್ಳಿ ಸರಪಳಿಗೆ ಕಟ್ಟಿದ್ದ ಲಿಂಗದ ಕರಡಿಗೆ ಜೋತುಬಿದ್ದು ಆ ಪಟ್ಟಿಯನ್ನು ಸವರುತ್ತಿತ್ತು. ದೊಡ್ಡವರಿಗೆ ಹೇಗೆ ಹೇಳುವುದೆಂದು ಬಹಳ ಹೊತ್ತು ಪೇಚಾಡಿ ಕಡೆಗೆ ಹೇಳಿದೆ. ಅವರು ಕರಡಿಗೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಅಂಗಿಯೊಳಗೆ ಬಿಟ್ಟುಕೊಂಡರು. "ಹಂಗಾದ್ರ ನಾ ಏನ್ ನೋಡಾಕತ್ತೀನಿ ಅಂತ ದೇವರೂ ನೋಡಾಕತ್ತಾನ," ಎಂದರು. "ಇನ್ನ ಮ್ಯಾಲ ಅಂಗಡ್ಯಾಗ ಕ್ರಿಕೆಟ್ ನೋಡೂದು ಬಂದ್."

ಇವೆಲ್ಲ ಸಣ್ಣವು. ನನ್ನನ್ನು ನಿಜವಾಗಿ ಮಣ್ಣು ಮುಕ್ಕಿಸಿದ್ದು ನವಿ ಪೇಠದ ಕೇಸು. ಅದರಲ್ಲಿ ಬರುವವರ ಹೆಸರು ಬದಲಿಸಿದ್ದೇನೆ, ಅವರೆಲ್ಲರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನವಿ ಪೇಠದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಶಕುಂತಲಾ ಕಾಕು ವಧು-ವರ ಸೂಚಕ ಕೇಂದ್ರ ನಡೆಸುತ್ತಾರೆ. ಇಡೀ ಪೇಠೆ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತದೆ. ಆ ಕೇಂದ್ರ ಶುರು ಮಾಡಿದವರು ಅವರ ಮಾವ ಗುರುಲಿಂಗಪ್ಪ ಅಜ್ಜ. ಒಂದು ಕಾಲದಲ್ಲಿ ಉದ್ದನೆಯ ವಹಿಯಲ್ಲಿ ಗಂಡು ಹೆಣ್ಣುಗಳ ವಿವರ ಬರೆದಿಟ್ಟುಕೊಂಡು ಊರೂರು ತಿರುಗಿದವರು. ಈಗ ಎಂಬತ್ತೈದು ದಾಟಿದ ಅಜ್ಜ ದಿನಾ ಬೆಳಿಗ್ಗೆ ಬಂದು ಗಾದಿಯ ಮೇಲೆ ಕುಳಿತು, ಗೋಡೆಗೆ ಹಚ್ಚಿದ ಉದ್ದನೆಯ ಲೋಡು ದಿಂಬಿಗೆ ಒರಗಿ, ಬಂದವರನ್ನು ಮಾತಾಡಿಸುತ್ತಾರೆ. ಬಂದ ಕುಟುಂಬದವರೂ ಅದೇ ಗಾದಿಯ ಮೇಲೆ ಸಾಲಾಗಿ ಕೂರುತ್ತಾರೆ. ಎದುರಿನ ಗೋಡೆಯಲ್ಲಿ ದೊಡ್ಡ ಟಿವಿ. ಕಾಕು ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಮೌಸಿನ ಗಾಲಿ ತಿರುಗಿಸಿದರೆ ಟಿವಿಯ ಮೇಲೆ ಒಂದರ ಕೆಳಗೊಂದು ಸ್ಥಳಗಳು ಬರುತ್ತವೆ. ನಮ್ಮ ಕಡೆ ಮದುವೆಯ ಸಂಬಂಧಕ್ಕೆ ಸ್ಥಳ ಎನ್ನುತ್ತೇವೆ. ಒಂದು ಫೋಟೋ, ಪಕ್ಕದಲ್ಲಿ ಹೆಸರು, ಊರು, ಓದು, ನೌಕರಿ, ಹವ್ಯಾಸ.

ಒಂದು ಸೋಮವಾರ ಕಾಕುವಿನ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕಿದೆ. ಅವರ ಹಳೆಯ ಮೌಸು ವೈರಿಲ್ಲದ್ದು. ಅದರ ಎಡಗಡೆಯ ಬಟನ್ ಸರಿಯಾಗಿ ಒತ್ತಿಕೊಳ್ಳುತ್ತಿರಲಿಲ್ಲ. ಅದನ್ನು ತೆಗೆದು ವೈರಿರುವ ಹೊಸ ಮೌಸು ಕೊಟ್ಟು ಬಂದೆ.

ಮಂಗಳವಾರ ಹನ್ನೊಂದಕ್ಕೆ ಫೋನ್ ಬಂತು.

"ಸುನಂದಾ, ನೀ ಏನ್ ಮಾಡಿ ಹೋಗೀದಿ? ಪುಟ ತಾನ ಓಡಾಕತ್ತದ."

"ಎತ್ತಾಗ ಓಡ್ತದ್ರಿ ಕಾಕು?"

"ಎತ್ತಾಗ ಬೇಕ ಅತ್ತಾಗ. ಈಗ ಒಬ್ಬ ಇಂಜಿನಿಯರನ ತೋರಸಾಕತ್ತಿದ್ದೆ. ಹುಡುಗಿ ತಾಯಿ ಹಿಂಗ ಚಾಳೀಸ ಹಾಕ್ಕೊಳ್ಳೂದರಾಗ ಐವತ್ತೈದು ವರ್ಷದ ಎರಡನೇ ಸಂಬಂಧದಾಂವ ಬಂದು ನಿಂತಾನ. ಆ ಹೆಣಮಗಳು ಸಿಟ್ಟಾಗಿ ಎದ್ದು ಹೋದ್ಲು."

ನಾನು ಮಧ್ಯಾಹ್ನ ಎರಡಕ್ಕೆ ಹೋದೆ. ಎಲ್ಲ ಸರಿಯಾಗಿತ್ತು. ಗಾಲಿ ತಿರುಗಿಸಿದಷ್ಟೇ ಪುಟ ಸರಿಯುತ್ತಿತ್ತು, ಬಿಟ್ಟಲ್ಲಿ ನಿಲ್ಲುತ್ತಿತ್ತು. ಆದರೂ ಇರಲಿ ಎಂದು ಮೌಸು ಬದಲಿಸಿದೆ. ಬುಧವಾರ ಬೆಳಿಗ್ಗೆ ಮತ್ತೆ ಫೋನ್. ಮಧ್ಯಾಹ್ನ ಮತ್ತೆ ಹೋದೆ, ಮತ್ತೆ ಎಲ್ಲ ಸರಿ. ಕೀಬೋರ್ಡ್ ಬದಲಿಸಿದೆ, ವೈರಸ್ ಹುಡುಕಿದೆ, ಹಿಂದಿನ ವೈರುಗಳನ್ನೆಲ್ಲ ಕಿತ್ತು ಒರೆಸಿ ಹಾಕಿದೆ. ಜೋಡಿಸಿದ ಸಾಧನಗಳ ಯಾದಿಯಲ್ಲಿ ಎರಡು ಮೌಸ್ ಇವೆಯೆಂದು ಕಂಪ್ಯೂಟರ್ ತೋರಿಸುತ್ತಿತ್ತು. ಅಪ್‌ಗ್ರೇಡ್ ಆದಮೇಲೆ ಹಳೆಯ ಹೆಸರು ಹಾಗೇ ಉಳಿದಿರಬೇಕೆಂದುಕೊಂಡೆ. ಹುಡುಗಿಯರೇ, ಈ ವಾಕ್ಯವನ್ನು ಅಜ್ಜಿಯಿಂದ ಎರಡು ಸಲ ಓದಿಸಿಕೊಳ್ಳಿ. ಕಂಪ್ಯೂಟರ್ ಎರಡು ಎಂದರೆ ಎರಡೇ. ಅದು ಎಣಿಸುವುದರಲ್ಲಿ ತಪ್ಪುವುದಿಲ್ಲ, ನಾವು ಹುಡುಕುವುದರಲ್ಲಿ ತಪ್ಪುತ್ತೇವೆ.

ಗುರುವಾರ ಸಿಪಿಯುವನ್ನೇ ಅಂಗಡಿಗೆ ತಂದು ಇಡೀ ದಿನ ಪರೀಕ್ಷೆ ಮಾಡಿದೆ. ಸಾಧು ಹಸುವಿನಂತೆ ಇತ್ತು. ಸಂಜೆ ಒಯ್ದು ಕೊಟ್ಟೆ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾಕುವಿನ ಫೋನ್. ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕೆಟ್ಟದ್ದು.

"ಸುನಂದಾ, ನೀ ಬಂದಾಗ ಇದು ಸುಮ್ಮ ಕೂಡ್ತದ. ಮಂದಿ ಬಂದಾಗ ಕುಣೀತದ. ನಾ ಸುಳ್ಳ ಹೇಳಾಕತ್ತೀನಿ ಅಂತ ತಿಳ್ಕೊಂಡೀಯೇನು?"

"ಛೆ, ಇಲ್ರಿ ಕಾಕು."

"ಮಾವನವರು ಕಟ್ಟಿದ ಹೆಸರವ್ವ ಇದು. ಈಗ ಪೇಠ್ಯಾಗ 'ಕಾಕುನ ಟಿವಿ ನೋಡಾಕ ಹೋಗೂಣು' ಅಂತ ನಗಾಕತ್ತಾರ."

ಫೋನ್ ಇಟ್ಟಮೇಲೆ ನನಗೆ ಊಟ ಸೇರಲಿಲ್ಲ. ನಿವೃತ್ತಿಗೆ ಹದಿನೈದು ದಿನ ಉಳಿದಿದ್ದವು. ಮೂವತ್ತು ವರ್ಷದಲ್ಲಿ ಕಾರಣ ಸಿಗದೆ ಕೈಬಿಟ್ಟ ಕೇಸು ಒಂದೂ ಇರಲಿಲ್ಲ. ಕೆಲಸ ಬಿಟ್ಟು ಹೋಗುವಾಗ ಒಂದು ಮೌಸಿನ ಗಾಲಿ ನನ್ನ ಹೆಸರಿನ ಮೇಲೆ ಹಾದು ಹೋಗುವುದು ನನಗೆ ಬೇಕಿರಲಿಲ್ಲ. ನಾನು ಹೋದದ್ದೆಲ್ಲ ಮಧ್ಯಾಹ್ನ, ಅಲ್ಲಿ ಗಿರಾಕಿಗಳಿಲ್ಲದ ಹೊತ್ತು. ರೋಗ ಬರುವುದು ಬೆಳಿಗ್ಗೆ. ಇಷ್ಟು ಹೊಳೆಯಲು ನನಗೆ ನಾಲ್ಕು ದಿನ ಬೇಕಾಯಿತು. ಭಾನುವಾರ ಬೆಳಿಗ್ಗೆಯೇ ಬಂದು ಗಿರಾಕಿಗಳ ನಡುವೆ ಕೂರುತ್ತೇನೆಂದು ಕಾಕುವಿಗೆ ಹೇಳಿದೆ.

ಆ ಭಾನುವಾರ ಬರಲಿದ್ದವರು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ರೈತ ಮಲ್ಲಿನಾಥಪ್ಪ, ಅವರ ಹೆಂಡತಿ, ಮಗಳು ಸುವರ್ಣಾ. ಸುವರ್ಣಾ ದನದ ಡಾಕ್ಟರು. ಶುಕ್ರವಾರ ಬೆಳಿಗ್ಗೆಯೂ ಅವರು ಬಂದು ಹೋಗಿದ್ದರು. ಅವತ್ತು ನಡೆದದ್ದನ್ನು ಕಾಕು ನನಗೆ ಮೊದಲೇ ಹೇಳಿದ್ದರು. ಪುಣೆಯ ಒಬ್ಬ ಇಂಜಿನಿಯರನನ್ನು ತೋರಿಸುತ್ತಿದ್ದಾಗ ಪುಟ ತಾನಾಗಿ ಓಡಿ ಮಂಗಳವೇಢಾ ತಾಲೂಕಿನ ಸಲಗರ ಬುದ್ರುಕದ ಒಬ್ಬ ಮಾಸ್ತರನ ಮೇಲೆ ನಿಂತಿತಂತೆ. ಹೆಸರು ಶ್ರೀಶೈಲ, ಕನ್ನಡ ಶಾಲೆಯ ಶಿಕ್ಷಕ. ಎಲ್ಲರೂ ಮರಾಠಿಯಲ್ಲಿ ಫಾರ್ಮ್ ತುಂಬಿದರೆ ಅವನು ಕನ್ನಡದಲ್ಲಿ ತುಂಬಿದ್ದ. ಸುವರ್ಣಾಗೆ ಕನ್ನಡ ಓದಲು ಬಾರದು, ಆದ್ದರಿಂದ ಅಜ್ಜ ಗಟ್ಟಿಯಾಗಿ ಓದಿದರು. ಉಳಿದವರೆಲ್ಲ ಹವ್ಯಾಸ ಎಂಬಲ್ಲಿ 'ವಾಚನ, ಪ್ರವಾಸ, ಸಂಗೀತ' ಎಂದು ಬರೆದಿದ್ದರು. ಈ ಮಾಸ್ತರ 'ಮೂರು ಆಡು ಸಾಕಿದ್ದೇನೆ. ಒಂದೂ ಮಾತು ಕೇಳುವುದಿಲ್ಲ' ಎಂದು ಬರೆದಿದ್ದ. ಫೋಟೋದ ಮೂಲೆಯಲ್ಲಿ ಒಂದು ಆಡಿನ ಕಿವಿಯೂ ಬಂದಿತ್ತು. ಅಜ್ಜನಿಗೆ ನಗು ತಡೆಯಲಾಗಲಿಲ್ಲ. ನಗುತ್ತಿದ್ದ ಹಾಗೇ ಪುಟ ಮತ್ತೆ ಓಡಿಹೋಯಿತು. ಮಲ್ಲಿನಾಥಪ್ಪ, "ಮಂಗಳವೇಢಾ ಕಡೀದು ಭಾಳ ದೂರ ಆತು, ಮುಂದ ನಡೀರಿ," ಎಂದು ಬಿಟ್ಟಿದ್ದರು. ಯಾವುದೂ ಗೊತ್ತಾಗದೆ, ಭಾನುವಾರ ಮತ್ತೆ ಬರುತ್ತೇವೆಂದು ಹೋಗಿದ್ದರು.

ಭಾನುವಾರ ಗಾದಿಯ ಮೇಲೆ ನಾವು ಕುಳಿತ ಸಾಲು ಹೀಗಿತ್ತು. ಬಾಗಿಲ ಕಡೆ ಮಲ್ಲಿನಾಥಪ್ಪ, ಅವರ ಪಕ್ಕ ಹೆಂಡತಿ, ನಡುವೆ ಅಜ್ಜ, ಅಜ್ಜನ ಈ ಕಡೆ ಸುವರ್ಣಾ, ಅವಳ ಪಕ್ಕ ಕೊನೆಗೆ ನಾನು. ಕಾಕು ಮೇಜಿನ ಬಳಿ.

ಮೊದಲ ಸ್ಥಳ ಸೊಲ್ಲಾಪುರದ ಒಬ್ಬ ವ್ಯಾಪಾರಿಯ ಮಗ. ಪುಟ ಕಲ್ಲಿನಂತೆ ನಿಂತಿತ್ತು. ಅಜ್ಜ ಒಂದು ಕತೆ ತೆಗೆದರು. ಹಿಂದೆ ಒಂದೂರಿಗೆ ಹೆಣ್ಣು ನೋಡಲು ಹೋದಾಗ ತಪ್ಪಿ ಬೇರೆ ಮನೆಗೆ ಹೊಕ್ಕು, ಉಪ್ಪಿಟ್ಟು ತಿಂದು, ಚಹಾ ಕುಡಿದು, ಹೆಣ್ಣೆಲ್ಲಿ ಎಂದು ಕೇಳಿದಾಗ ಆ ಮನೆಯವರು ತಮ್ಮ ಎಪ್ಪತ್ತು ವರ್ಷದ ಅಜ್ಜಿಯನ್ನು ತೋರಿಸಿ, 'ನಮ್ಮಲ್ಲಿ ಇರೂದು ಇದೊಂದ ಹೆಣ್ಣು' ಎಂದರಂತೆ. ಹೇಳುತ್ತ ಹೇಳುತ್ತ ಅಜ್ಜನ ಹೊಟ್ಟೆ ಕುಣಿಯತೊಡಗಿತು. ಟಿವಿಯಲ್ಲಿ ವ್ಯಾಪಾರಿಯ ಮಗ ಮೆಲ್ಲಗೆ ಮೇಲಕ್ಕೆ ಸರಿದು ಕಣ್ಮರೆಯಾದ.

ನಾನು ಅಜ್ಜನ ಕಡೆ ತಿರುಗಿದೆ. ಅಜ್ಜ ನಗು ನಿಲ್ಲಿಸಿದರು, ಪುಟ ನಿಂತಿತು. ಮತ್ತೆ ನೆನೆದು ನಕ್ಕರು, ಪುಟ ಓಡಿತು. ಕೆಮ್ಮಿದರು, ಎರಡು ಗಂಡು ಒಟ್ಟಿಗೇ ದಾಟಿಹೋದವು.

"ನೋಡು, ನೋಡು, ಶುರುವಾತು," ಎಂದರು ಕಾಕು, ಎರಡೂ ಕೈ ಮೇಲೆತ್ತಿ, ತಾನು ಮೌಸು ಮುಟ್ಟಿಲ್ಲವೆಂದು ಎಲ್ಲರಿಗೂ ತೋರಿಸುತ್ತ.

ಆಗ ಎಲ್ಲವೂ ಕೂಡಿಬಂತು. ಅಜ್ಜ ಒಂದು ಗಂಟೆಗೆ ಮನೆಗೆ ಹೋಗಿ ಉಂಡು ಮಲಗಿ ನಾಲ್ಕಕ್ಕೆ ಬರುತ್ತಾರೆ. ನಾನು ಬರುತ್ತಿದ್ದದ್ದು ಎರಡಕ್ಕೆ. ಕಂಪ್ಯೂಟರಿಗೂ ಅಜ್ಜನಿಗೂ ನಡುವೆ ಏನಿದೆ? ಲೋಡು ದಿಂಬು. ಲೋಡಿನ ಹಿಂದೆ? ಸೋಮವಾರ ನಾನು ತೆಗೆದ ಹಳೆಯ ಮೌಸನ್ನು ಎಲ್ಲಿಟ್ಟೆ? ಚೀಲಕ್ಕೆ ಹಾಕಿದ ನೆನಪಿರಲಿಲ್ಲ. ಗಾದಿಯ ಮೇಲೆ ಇಟ್ಟಿದ್ದೆ. ಲೋಡಿನ ಮೇಲೂ ಇಟ್ಟಿರಬಹುದು. ಅದರ ಜೋಡಿಯ ಉಗುರಿನಷ್ಟು ಸಣ್ಣ ರಿಸೀವರ್ ಸಿಪಿಯುವಿನ ಹಿಂದೆಯೇ ಉಳಿದಿತ್ತು. ಬುಧವಾರ ನಾನು ಕಿತ್ತು ಒರೆಸಿದ್ದು ವೈರುಗಳನ್ನು. ಇದಕ್ಕೆ ವೈರೇ ಇರಲಿಲ್ಲ. ಮೌಸು ಲೋಡಿಗೂ ಗೋಡೆಗೂ ನಡುವೆ ಜಾರಿ ಸಿಕ್ಕಿಕೊಂಡು, ಅಜ್ಜನ ನಗುವಿಗೆ ಲೋಡು ಅಲುಗಿ, ಅದರ ಅರಿವೆ ಗಾಲಿಯನ್ನು ಉಜ್ಜುತ್ತಿದೆ. ಖುಷಿಗೆ ನಾನೇ ನಕ್ಕುಬಿಡುತ್ತಿದ್ದೆ. ತಪ್ಪು ನನ್ನದೇ ಎಂಬುದು ಆಮೇಲೆ ನೆನಪಾಯಿತು.

ಅಷ್ಟರಲ್ಲಿ ಅಜ್ಜ, "ಒಂದೀಟು ಕಾಲ ಮಡಚಿ ಬರ್ತೀನಿ," ಎಂದು ಎದ್ದು ಬಚ್ಚಲ ಕಡೆ ಹೋದರು. ಲೋಡಿಗೆ ಈಗ ಯಾರೂ ಒರಗಿರಲಿಲ್ಲ. ಕಾಕು ಪುಣೆಯ ಇಂಜಿನಿಯರನನ್ನು ಮತ್ತೆ ತಂದು ನಿಲ್ಲಿಸಿದರು. ನಾನು ಟಿವಿಯನ್ನೇ ನೋಡುತ್ತಿದ್ದೆ. ಪುಟ ಕದಲಿತು. ಕದಲಿದ್ದಷ್ಟೇ ಅಲ್ಲ, ದಾರಿ ಗೊತ್ತಿದ್ದವರಂತೆ ನೇರವಾಗಿ ಕೆಳಗೆ ಇಳಿದು, ಒಂದು ಸ್ಥಳ ಮುಂದೆ ಹೋಗಿ, ತಪ್ಪಾಯಿತೆಂದು ಒಂದು ಹಿಂದೆ ಬಂದು, ಆಡಿನ ಕಿವಿಯ ಫೋಟೋದ ಮೇಲೆ ಅಚ್ಚುಕಟ್ಟಾಗಿ ನಿಂತಿತು.

ನನ್ನ ಲೆಕ್ಕಾಚಾರವೆಲ್ಲ ಕುಸಿಯಿತು. ಅಜ್ಜ ಇಲ್ಲ, ನಗು ಇಲ್ಲ. ಯಾರಿಗೂ ಕಾಣದಂತೆ ಕೈಯನ್ನು ಬೆನ್ನ ಹಿಂದೆ ಒಯ್ದು ಲೋಡಿನ ಸಂದಿಯಲ್ಲಿ ತಡಕಾಡಿದೆ. ಮೌಸು ಸಿಗಲಿಲ್ಲ. ಒಂದು ಕೈ ಸಿಕ್ಕಿತು. ಬೆಚ್ಚಗಿನ, ಬಳೆಯಿದ್ದ ಕೈ. ಮೌಸು ಅದರ ಅಡಿಯಲ್ಲಿತ್ತು.

ಸುವರ್ಣಾ ತಲೆ ತಿರುಗಿಸಲಿಲ್ಲ. ಟಿವಿಯನ್ನೇ ನೋಡುತ್ತ ಕುಳಿತಿದ್ದಳು, ಆದರೆ ಕಿವಿಯ ತುದಿ ಕೆಂಪಾಗಿತ್ತು. ನನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಸುನಂದಾ, ಸಿಕ್ತೇನ ಏನರ?" ಕಾಕು ಕೇಳಿದರು.

ಇಡೀ ವಾರ ನಾನು ಕಾದದ್ದೇ ಆ ಪ್ರಶ್ನೆಗೆ 'ಸಿಕ್ತು' ಎನ್ನಲು. "ಇನ್ನೊಂದು ಹತ್ತು ಮಿನಿಟ ಬೇಕ್ರಿ," ಎಂದೆ.

ಹತ್ತು ನಿಮಿಷ ಬೇಕಾಗಲಿಲ್ಲ. ಕಾಕು ಮಾಸ್ತರನನ್ನು ಸರಿಸಿ ಇಂಜಿನಿಯರನನ್ನು ತಂದರು, ಪುಟ ಮಾಸ್ತರನ ಬಳಿಗೆ ಹೋಯಿತು. ಇಂಜಿನಿಯರನನ್ನು ಬಿಟ್ಟು ಒಬ್ಬ ವಕೀಲನನ್ನು ತಂದರು, ಪುಟ ಮತ್ತೆ ಮಾಸ್ತರನ ಬಳಿಗೆ. ಮೇಜಿನ ಮೌಸು ಮೇಲಕ್ಕೆ ಎಳೆಯುತ್ತಿತ್ತು, ಲೋಡಿನ ಮೌಸು ಕೆಳಕ್ಕೆ. ವಕೀಲ ಪಾಪ ನಡುವೆ ಸಿಕ್ಕು ಲಿಫ್ಟಿನಲ್ಲಿ ಕುಳಿತವನಂತೆ ಮೇಲೆ ಕೆಳಗೆ ಹೋದ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮು ಬಂದಂತೆ ಮಾಡಿದೆ.

ಮಲ್ಲಿನಾಥಪ್ಪ ಇದನ್ನೆಲ್ಲ ನೋಡುತ್ತಿದ್ದರು. ಮೀಸೆಯ ಮೇಲೆ ಕೈಯಾಡಿಸಿ ಕೊನೆಗೆ ಹೇಳಿದರು, "ಇರ್ಲಿ ಬಿಡ್ರಿ ಕಾಕು, ಜಗ್ಗಾಡಬ್ಯಾಡ್ರಿ. ಮೂರ ಸಲ ಅದ ಬಂತಂದ್ರ ಅದರಾಗೇನೋ ಅದ. ಆ ಮಾಸ್ತರಗ ಒಂದ್ ಫೋನ್ ಹಚ್ಚರಿ. ನೋಡೂಣು."

ಸುವರ್ಣಾಳ ತಾಯಿ, "ದೂರ ಅಂದಿದ್ರಲ್ಲ?" ಎಂದರು.

"ಬಸ್ಸ ಅದಾವಲ್ಲ," ಎಂದರು ಮಲ್ಲಿನಾಥಪ್ಪ.

ಅವರು ಮೆಟ್ಟಿಲಿಳಿಯುವಾಗ ಸುವರ್ಣಾ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದೆ ಉಳಿದಳು. ನನ್ನ ಹತ್ತಿರ ಬಂದು ಮೆಲ್ಲಗೆ, "ಮಾವಶಿ, ಶುಕ್ರವಾರ ಲೋಡಿನ ಹಿಂದ ನನ್ನ ಕೈರುಮಾಲ ಬಿದ್ದಿತ್ತು. ಹುಡಕಾಕ ಹೋಗಿ ಕೈಗಿ ಹತ್ತಿತು," ಎಂದಳು. ಚಪ್ಪಲಿ ಮೆಟ್ಟಿಕೊಂಡು, "ಅದರ ಎಡಗಡೆ ಬಟನ್ ಕೆಟ್ಟದ್ರಿ. ಗಾಲಿ ಮಾತ್ರ ಫಸ್ಟಕ್ಲಾಸ್ ಅದ," ಎಂದು ಓಡಿದಳು.

ಅವರು ಹೋದಮೇಲೆ ಲೋಡು ಸರಿಸಿ ಮೌಸು ತೆಗೆದೆ. ಸಿಪಿಯುವಿನ ಹಿಂದಿನಿಂದ ರಿಸೀವರ್ ಕಿತ್ತೆ. ಎರಡನ್ನೂ ಕಾಕುವಿನ ಮೇಜಿನ ಮೇಲಿಟ್ಟು, ಸೋಮವಾರ ಮರೆತವಳು ನಾನೇ ಎಂದು ಒಪ್ಪಿಕೊಂಡೆ. ಸುವರ್ಣಾಳ ಕೈಯ ವಿಷಯವನ್ನೂ ಹೇಳಿದೆ. ಬಚ್ಚಲಿನಿಂದ ಬಂದಿದ್ದ ಅಜ್ಜ ಕೇಳಿ ಎಷ್ಟು ನಕ್ಕರೆಂದರೆ, ಮೌಸು ಲೋಡಿನ ಹಿಂದೆ ಇನ್ನೂ ಇದ್ದಿದ್ದರೆ ಕೇಂದ್ರದ ಗಂಡುಗಳೆಲ್ಲ ಒಂದೇ ಉಸಿರಿಗೆ ಮುಗಿದುಹೋಗುತ್ತಿದ್ದರು. ಕಾಕು ಮಾತ್ರ ನಗಲಿಲ್ಲ.

"ಇದು ತಪ್ಪಾತು," ಎಂದರು. "ಆ ಹಿರಿಯಾ, ಇದು ದೇವರ ಇಚ್ಛಾ ಅಂತ ತಿಳ್ಕೊಂಡು ಹೂಂ ಅಂದಾನ. ನಾಳಿ ಗೊತ್ತಾದ್ರ ಕಾಕು ಮೋಸ ಮಾಡಿದ್ಲು ಅಂತಾನ. ನಮ್ಮ ಕೆಲಸದಾಗ ಮುಚ್ಚಿಟ್ಟದ್ದು ಅಕ್ಕಿಕಾಳ ಹಾಕೂ ಹೊತ್ತಿಗೆ ಹೊರಗ ಬರ್ತದ. ನಡಿ, ಹೇಳಿ ಬರೂಣು."

ಹೇಳಿದರೆ ಆ ಹುಡುಗಿಯ ಗತಿ ಏನು? ಹೇಳದಿದ್ದರೆ ಕಾಕುವಿನ ಹೆಸರಿನ ಗತಿ ಏನು? ಎರಡೂ ನನ್ನ ಮರೆವಿನಿಂದಲೇ. ಬುಧವಾರ ಇಬ್ಬರೂ ಅಕ್ಕಲಕೋಟೆಯ ಬಸ್ಸು ಹತ್ತಿದೆವು, ಅಲ್ಲಿಂದ ರಿಕ್ಷಾದಲ್ಲಿ ಅವರ ಹಳ್ಳಿಗೆ. ಮಲ್ಲಿನಾಥಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದರು. ಸುವರ್ಣಾ ಹಿತ್ತಲ ಕೊಟ್ಟಿಗೆಯಲ್ಲಿ ಯಾರದೋ ಎಮ್ಮೆ ನೋಡುತ್ತಿದ್ದಳು. ಕಾಕು ಕುಳಿತವರೇ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾನು ತಲೆ ತಗ್ಗಿಸಿ, "ಮೌಸು ನಂದರಿ," ಎಂದೆ.

ಮಲ್ಲಿನಾಥಪ್ಪ ಹಗ್ಗ ಕೆಳಗಿಟ್ಟರು.

"ಕಾಕು, ನಾ ಎಷ್ಟ ವರ್ಷದಿಂದ ದನದ ಬಾಜಾರಕ್ಕ ಹೊಂಟೀನಿ, ಗೊತ್ತೇನ್ರಿ? ಅಲ್ಲಿ ಬಾಯಿಲೆ ಯಾರೂ ಮಾತಾಡೂದಿಲ್ಲ. ಟಾವೆಲ್ ಅಡಿಯಾಗ ಕೈ ಹಿಡದು ಬೆರಳ ಒತ್ತಿ ರೇಟ ಹೇಳೂದು. ಟಾವೆಲ್ ಅಡಿಯಾಗ ಏನ ನಡದದ ಅಂತ ನಾ ಮೊಣ್ಕೈ ನೋಡಿ ಹೇಳ್ತೀನಿ. ನನ್ನ ಮಗಳ ಮೊಣ್ಕೈ ನನಗ ತಿಳೀಲಿಲ್ಲ ಅಂತೀರೇನು?"

ಕಾಕುವಿನ ಬಾಯಿ ತೆರೆದೇ ಇತ್ತು. "ಗೊತ್ತಿದ್ದು ಹೂಂ ಅಂದ್ರ್ಯಾ?"

"ಗೊತ್ತಿತ್ತು, ಅದಕ್ಕ ಹೂಂ ಅಂದೆ. ಮೂರ ವರ್ಷ ಆತು, ಯಾರ ಬೇಕವ್ವಾ ನಿನಗ ಅಂತ ಕೇಳಾಕತ್ತು. 'ನೀವು ಹೇಳಿದಂಗ ಅಪ್ಪಾ' ಅಂತಾಳ, ಸುಮ್ಮ ಕೂಡ್ತಾಳ. ಎಂಥೆಂಥಾ ಎಮ್ಮಿ ಬಾಯಾಗ ಕೈ ಹಾಕ್ತಾಳ, ತಂದಿ ಮುಂದ ಬಾಯಿ ಬಿಡೂದಿಲ್ಲ. ಮೊನ್ನಿ ಕೈಲೆ ಆದ್ರೂ ಹೇಳಿದ್ಲಲ್ಲ." ಅವರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. "ಮಾಸ್ತರಗ ನಾ ಫೋನ್ ಮಾಡಿ ಮಾತಾಡೀನಿ. ಹುಡುಗ ಛಲೋ ಅದಾನ. ರವಿವಾರ ಬರ್ತಾನ. ಆಡ ಬಿಟ್ಟು ಬಾ ಅಂದೀನಿ."

ಕಾಕು ದೊಡ್ಡದೊಂದು ಉಸಿರು ಬಿಟ್ಟರು. ಅಷ್ಟರಲ್ಲಿ ಹಿತ್ತಲ ಬಾಗಿಲ ಸದ್ದಾಯಿತು. ಮಲ್ಲಿನಾಥಪ್ಪ ಮುಂದೆ ಬಾಗಿ ಪಿಸುಗುಟ್ಟಿದರು, "ಅಕೀ ಮುಂದ ಏನೂ ಹೇಳಬ್ಯಾಡ್ರಿ. ಅಪ್ಪಗ ಏಮಾರಿಸೀನಿ ಅಂತ ನಾಕ ದಿನದಿಂದ ಹಾಡಕೋತ ತಿರಗಾಕತ್ತಾಳ. ಲಗ್ನ ಆಗೂತನಕ ಹಾಡ್ಲಿ."

ಸುವರ್ಣಾ ಕೈ ತೊಳೆದುಕೊಂಡು ಬಂದಳು. ನಮ್ಮನ್ನು ಕಂಡು ಮುಖ ಒಂದು ಸಲ ಬಿಳಿಚಿಕೊಂಡಿತು. ತಂದೆಯ ಮುಖ ನೋಡಿದಳು, ಅಲ್ಲಿ ಏನೂ ಕಾಣದೆ ಧೈರ್ಯ ಬಂತು. ಒಳಗಿನಿಂದ ಚಹಾ ತಂದು ಕೊಟ್ಟು, ಏನೂ ಅರಿಯದವಳಂತೆ ಕೇಳಿದಳು, "ಮಾವಶಿ, ಕಾಕುನ ಕಂಪ್ಯೂಟರ್ ರಿಪೇರಿ ಆತೇನ್ರಿ?"

"ಆತವ್ವಾ," ಎಂದೆ.

"ಏನಾಗಿತ್ತಂತ್ರಿ ಅದಕ?" ಎಂದರು ಮಲ್ಲಿನಾಥಪ್ಪ. ಮೀಸೆಯ ಒಂದು ಕೂದಲೂ ಅಲುಗಲಿಲ್ಲ.

ತಂದೆ ಒಂದು ಕಡೆಯಿಂದ, ಮಗಳು ಇನ್ನೊಂದು ಕಡೆಯಿಂದ ನನ್ನ ಬಾಯನ್ನೇ ನೋಡುತ್ತಿದ್ದರು. ಕಾಕು ಚಹಾದ ಬಶಿಯೊಳಗೆ ಮುಖ ಅಡಗಿಸಿದರು. ನಮ್ಮ ಕೆಲಸದಲ್ಲಿ ಕಾರಣ ಸಿಗದವರು ತಪ್ಪಿಸಿಕೊಳ್ಳಲು ಹೇಳುವ ಒಂದು ಉತ್ತರವಿದೆ. ಕಾರಣ ಪೂರ್ತಿ ಗೊತ್ತಿದ್ದು ನಾನು ಅದನ್ನು ಹೇಳಿದ್ದು ಅದೊಂದೇ ಸಲ.

"ಅಪ್‌ಗ್ರೇಡ್ ಮಾಡಿದ ಮ್ಯಾಲ," ಎಂದೆ, "ಒಮ್ಮೊಮ್ಮೆ ಹಂಗ ಆಗ್ತದ್ರಿ."